ಒಪ್ಪಿಕೊಂಡು ಬಾರದವರು: ಹೊಸ ಒಡಂಬಡಿಕೆಯ ಮದುವೆ ಊಟಗಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸುವಾರ್ತೆಗಳ, ಅಂದರೆ ಯೇಸುವಿನ ಬದುಕನ್ನು ಹೇಳುವ ಬೈಬಲ್ ಗ್ರಂಥಗಳ, ಮದುವೆಗಳನ್ನು ಕುರಿತವು. ಒಂದೇ ವಿಷಯದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮತ್ತಾಯನ ಸುವಾರ್ತೆಯ 22ನೇ ಅಧ್ಯಾಯದಲ್ಲಿ ಒಬ್ಬ ಅರಸ ಮಗನ ಮದುವೆ ಊಟಕ್ಕೆ ಜನ ಬರಲಿಲ್ಲವೆಂದು ಸೈನ್ಯ ಕಳಿಸಿ ಅವರ ಊರನ್ನೇ ಸುಡಿಸುತ್ತಾನೆ. ಊಟಕ್ಕೆ ಬಾರದಿದ್ದರೆ ಇಷ್ಟು ಕೋಪವೇ? ಕರೆಸಿಕೊಂಡವರನ್ನೇ ಮತ್ತೆ ಕರೆಯಲು ಆಳುಗಳನ್ನು ಕಳಿಸಿದ್ದೇಕೆ ಎಂಬುದೂ ತಿಳಿಯಲಿಲ್ಲ.

ಉತ್ತರ: ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದೂ ಅರ್ಧ ಬಗೆಹರಿಯುತ್ತದೆ. ಆ ಕಾಲದ ದೊಡ್ಡ ಮನೆಗಳ ಔತಣಕ್ಕೆ ಕರೆ ಎರಡು ಸಲ ಹೋಗುತ್ತಿತ್ತು. ಮೊದಲ ಕರೆ ಮುಂಚಿತವಾಗಿ. ಯಾರು ಬರುತ್ತಾರೆ ಎಂಬುದು ಆಗಲೇ ಗೊತ್ತಾಗಬೇಕು. ಎರಡನೆಯದು ಅಡಿಗೆ ಸಿದ್ಧವಾದ ಮೇಲೆ, ಆಳಿನ ಬಾಯಲ್ಲಿ. ಬೈಬಲಿನ ಎಸ್ತೇರಳ ಗ್ರಂಥದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ರಾಣಿ ಮಾರನೇ ದಿನದ ಔತಣಕ್ಕೆ ಅರಸನ ಮಂತ್ರಿ ಹಾಮಾನನನ್ನು ಕರೆದಿರುತ್ತಾಳೆ. ಅವನು ಮನೆಯಲ್ಲಿ ಮಾತಾಡುತ್ತಿರುವಾಗಲೇ ಅರಸನ ಕಂಚುಕಿಗಳು ಬಂದು ಅವಸರದಿಂದ ಅವನನ್ನು ಕರೆದುಕೊಂಡು ಹೋಗುತ್ತಾರೆ. ಯೆರೂಸಲೇಮಿನವರು ಎರಡು ಸಲ ಕರೆಯದ ಹೊರತು ಊಟಕ್ಕೆ ಹೋಗುತ್ತಿರಲಿಲ್ಲ ಎಂದು ಪ್ರಲಾಪಗಳು ಎಂಬ ಬೈಬಲ್ ಗ್ರಂಥದ ಮೇಲಿನ ಹಳೆಯ ಯೆಹೂದಿ ವ್ಯಾಖ್ಯಾನವೊಂದು ನೆನಪಿಸಿಕೊಳ್ಳುತ್ತದೆ.

ಈಗ ಅರಸನ ಮಾತನ್ನು ಮತ್ತೊಮ್ಮೆ ಓದಿ: ಎತ್ತುಗಳನ್ನೂ ಕೊಬ್ಬಿದ ಪಶುಗಳನ್ನೂ ಕೊಯ್ಸಿದ್ದೇನೆ, ಎಲ್ಲವೂ ಸಿದ್ಧವಾಗಿದೆ, ಬನ್ನಿ. ಎಷ್ಟು ಜನ ಬರುತ್ತಾರೆಂದು ಲೆಕ್ಕ ಹಾಕಿ ಪ್ರಾಣಿ ಕೊಯ್ದಾಗಿದೆ. ಆ ಬಿಸಿಲಿನ ನಾಡಿನಲ್ಲಿ ಮಾಂಸವನ್ನು ನಾಳೆಗೆ ಇಡುವಂತಿಲ್ಲ. ಬರುತ್ತೇವೆ ಎಂದಿದ್ದವರು ಈ ಗಳಿಗೆಯಲ್ಲಿ ಒಬ್ಬ ಹೊಲಕ್ಕೂ ಇನ್ನೊಬ್ಬ ವ್ಯಾಪಾರಕ್ಕೂ ಎದ್ದು ಹೋಗುತ್ತಾರೆ. ಕರೆಯನ್ನು ನಿರಾಕರಿಸುವುದು ಬೇರೆ, ಒಪ್ಪಿಕೊಂಡು ಕೈಕೊಡುವುದು ಬೇರೆ. ಇಡೀ ಸಾಮತಿ, ಅಂದರೆ ಯೇಸು ಹೇಳಿದ ಈ ದೃಷ್ಟಾಂತಕಥೆ, ನಿಂತಿರುವುದು ಆ ಎರಡನೆಯದರ ಮೇಲೆ. ಯುವರಾಜನ ಮದುವೆಗೆ ಬಾರದಿರುವುದೆಂದರೆ ಅವನನ್ನು ಮುಂದಿನ ಅರಸನೆಂದು ಒಪ್ಪುವುದಿಲ್ಲ ಎಂದು ಎಲ್ಲರೆದುರು ಸಾರಿದ ಹಾಗೆ. ಅಷ್ಟೇ ಅಲ್ಲ, ಕರೆಯಲು ಬಂದ ಆಳುಗಳನ್ನು ಹಿಡಿದು ಕೊಂದೂ ಹಾಕುತ್ತಾರೆ. ಅರಸನ ಸಿಟ್ಟಿಗೆ ಕಾರಣ ಖಾಲಿ ಪಂಕ್ತಿಯಷ್ಟೇ ಅಲ್ಲ, ಈ ಕೊಲೆ. ಪತ್ರ ಬರೆದ ಹಲವರು ಅದನ್ನು ಗಮನಿಸಿದಂತಿಲ್ಲ.

ಆದರೂ ಊರು ಸುಡುವ ಸಾಲು ಕಥೆಯಲ್ಲಿ ಸರಿಯಾಗಿ ಕೂರುವುದಿಲ್ಲ ಎಂಬ ನಿಮ್ಮ ಅನಿಸಿಕೆ ನ್ಯಾಯವಾದದ್ದೇ. ಅಡಿಗೆ ಸಿದ್ಧವಾಗಿದೆ, ನಡುವೆ ಸೈನ್ಯ ಹೊರಟು, ಕೊಲೆಗಾರರನ್ನು ಕೊಂದು, ಪಟ್ಟಣ ಸುಟ್ಟು ಬರುತ್ತದೆ, ಆಮೇಲೂ ಊಟ ಸಿದ್ಧವಾಗಿಯೇ ಇದೆ! ಲೂಕನ 14ನೇ ಅಧ್ಯಾಯದಲ್ಲಿ ಇಂಥದೇ ಕಥೆ ಬರುತ್ತದೆ, ಅಲ್ಲಿ ಸೈನ್ಯವೂ ಇಲ್ಲ, ಬೆಂಕಿಯೂ ಇಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮನ್ನು ಸುಟ್ಟ ನೆನಪು ಮತ್ತಾಯನ ಕಥನದೊಳಗೆ ಸೇರಿಕೊಂಡಿದೆ ಎಂದು ಬಹುಪಾಲು ವಿದ್ವಾಂಸರು ಓದುತ್ತಾರೆ. ನನಗೂ ಅದೇ ಸರಿಯೆನಿಸುತ್ತದೆ. ಯೆಹೂದಿ ಪರಂಪರೆಯೂ ಅದೇ ವಿನಾಶವನ್ನು ಒಂದು ಔತಣದ ಕರೆಗೆ ತಂದು ಜೋಡಿಸಿದೆ. ಯೆಹೂದಿ ರಬ್ಬಿಗಳ ಚರ್ಚೆಗಳ ದೊಡ್ಡ ಸಂಗ್ರಹವಾದ ತಾಲ್ಮುದ್ ಹೇಳುವ ಪ್ರಕಾರ ಒಬ್ಬಾತ ಗೆಳೆಯ ಕಮ್ಸಾನನ್ನು ಕರೆತರಲು ಆಳನ್ನು ಕಳಿಸಿದ. ಆಳು ಹಗೆಯಾಗಿದ್ದ ಬಾರ್ ಕಮ್ಸಾನನ್ನು ಕರೆತಂದ. ಬಂದವನು ಅವಮಾನ ತಪ್ಪಿಸಿಕೊಳ್ಳಲು ಇಡೀ ಔತಣದ ಖರ್ಚು ಕೊಡುತ್ತೇನೆಂದರೂ ಆತಿಥೇಯ ಕೇಳದೆ ಕೈಹಿಡಿದು ಎಬ್ಬಿಸಿ ಹೊರಗೆ ಹಾಕಿದ. ಯೆರೂಸಲೇಮಿನ ಸರ್ವನಾಶ ಅಲ್ಲಿಂದ ಶುರುವಾಯಿತಂತೆ. ಕರೆ, ಪಂಕ್ತಿ, ಮಾನ ಈ ಮೂರೂ ಅವರಿಗೆ ಎಷ್ಟು ದೊಡ್ಡವಾಗಿದ್ದವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಲೂಕನ ಕಥೆಯಲ್ಲಿ ನೆಪಗಳು ಮೂರು. ಒಬ್ಬ ಹೊಲ ಕೊಂಡಿದ್ದೇನೆ, ಹೋಗಿ ನೋಡಬೇಕು ಎನ್ನುತ್ತಾನೆ. ನೋಡದೆ ಹೊಲ ಕೊಳ್ಳುವವರುಂಟೇ? ಇನ್ನೊಬ್ಬ ಐದು ಜೋಡಿ ಎತ್ತು ಕೊಂಡು ಪರೀಕ್ಷಿಸಲು ಹೊರಟಿದ್ದಾನೆ. ಹತ್ತು ಎತ್ತು ಕಟ್ಟುವವನೆಂದರೆ ದೊಡ್ಡ ಹಿಡುವಳಿದಾರನೇ. ಇವರಿಬ್ಬರೂ ಕೊನೇಪಕ್ಷ ಕ್ಷಮೆ ಕೇಳುತ್ತಾರೆ. ಮೂರನೆಯವನು ಮದುವೆಯಾಗಿದ್ದೇನೆ, ಬರಲಾರೆ ಎಂದು ಅಷ್ಟರಲ್ಲೇ ಮುಗಿಸುತ್ತಾನೆ. ಹೊಸದಾಗಿ ಮದುವೆಯಾದವನಿಗೆ ಒಂದು ವರ್ಷ ದಂಡಿನ ಕೆಲಸದಿಂದ ಬಿಡುವು ಎಂದು ಧರ್ಮೋಪದೇಶಕಾಂಡದಲ್ಲಿದೆ ನಿಜ, ಆದರೆ ಅದು ಯುದ್ಧಕ್ಕೆ ಸಂಬಂಧಿಸಿದ ಮಾತು, ಊಟಕ್ಕಲ್ಲ.

1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ದೊರೆತ, ಬೈಬಲಿಗೆ ಸೇರದ ತೋಮನ ಸುವಾರ್ತೆಯಲ್ಲೂ ಈ ಕಥೆ ಇದೆ. ಅಲ್ಲಿ ನೆಪಗಳು ನಾಲ್ಕು: ಸಾಲಗಾರ ವ್ಯಾಪಾರಿಗಳು ಸಂಜೆ ಬರುವವರಿದ್ದಾರೆ; ಮನೆ ಕೊಂಡಿದ್ದೇನೆ; ಊರು ಕೊಂಡಿದ್ದೇನೆ, ಗುತ್ತಿಗೆ ವಸೂಲಿಗೆ ಹೋಗಬೇಕು; ಗೆಳೆಯನ ಮದುವೆ, ಅಲ್ಲಿನ ಊಟದ ಏರ್ಪಾಡು ನನ್ನದು. ಮತ್ತಾಯನಲ್ಲಿ ಕರೆ ಬಂದದ್ದೇ ಮದುವೆಗೆ. ತೋಮನಲ್ಲಿ ಮದುವೆಯೇ ತಪ್ಪಿಸಿಕೊಳ್ಳುವ ನೆಪ.

ಪ್ರಶ್ನೆ: ಆಗ ಲಿಖಿತ ಲಗ್ನಪತ್ರಿಕೆಗಳಿದ್ದವೇ?

ಉತ್ತರ: ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ, ಅಲ್ಲಿ ಕರೆಯೋಲೆಯೆಂದರೆ ಮನುಷ್ಯನೇ. ಆದರೆ ರೋಮನ್ ಆಳ್ವಿಕೆಯ ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳಲ್ಲಿ ನಿಜವಾದ ಆಮಂತ್ರಣಗಳು ಸಿಕ್ಕಿವೆ. 1896–97ರ ಚಳಿಗಾಲದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಕ್ಸ್‌ಫರ್ಡ್ ವಿದ್ವಾಂಸರು ಅಲ್ಲಿ ಅಗೆಯಲು ತೊಡಗಿದರು. ಅಲ್ಲಿ ದೊರೆತ ಮೂರನೇ ಶತಮಾನದ ಒಂದು ಪಪೈರಸ್ ಚೂರಿನಲ್ಲಿ ಇರುವುದು ಇಷ್ಟೇ: ಹೆರಾಯಿಸ್ ತನ್ನ ಮಕ್ಕಳ ಮದುವೆಯ ಊಟಕ್ಕೆ ನಿಮ್ಮನ್ನು ಮನೆಗೆ ಕರೆಯುತ್ತಿದ್ದಾಳೆ, ನಾಳೆ, ಅಂದರೆ ಐದನೇ ತಾರೀಕು, ಒಂಬತ್ತನೇ ಗಂಟೆಯಿಂದ.

ಒಂಬತ್ತನೇ ಗಂಟೆಯೆಂದರೆ ಸೂರ್ಯೋದಯದಿಂದ ಎಣಿಸಿ ಮಧ್ಯಾಹ್ನ ಸುಮಾರು ಮೂರು. ಕರೆಸಿಕೊಂಡವರ ಹೆಸರಿಲ್ಲ, ಮದುಮಕ್ಕಳ ಹೆಸರೂ ಇಲ್ಲ. ಕರೆಯುವ ತಾಯಿಯ ಹೆಸರು ಮಾತ್ರ ಇದೆ. ದಿನ ನೋಡಿ: ನಾಳೆ. ಇಂಥ ಚೀಟಿಗಳಲ್ಲಿ ಬಹುತೇಕ ಎಲ್ಲವೂ ಇವತ್ತು ಅಥವಾ ನಾಳೆ ಎನ್ನುತ್ತವೆ. ಒಂದು ದಿನದ ಅವಧಿಯಲ್ಲಿ ಯಾರೂ ಮಕ್ಕಳ ಮದುವೆಗೆ ಮೊದಲ ಸಲ ಕರೆಯುವುದಿಲ್ಲ. ಹಾಗಾಗಿ ಇವು ನೆನಪಿಸುವ ಎರಡನೇ ಕರೆಗಳೇ ಇರಬೇಕು ಎಂದು ನನ್ನ ಎಣಿಕೆ. ಸಾಮತಿಯ ಆಳು ಬಾಯಲ್ಲಿ ಹೇಳಿದ್ದು ಇಲ್ಲಿ ಚೀಟಿಯಲ್ಲಿದೆ.

ಪ್ರಶ್ನೆ: ಅದೇ ಮತ್ತಾಯನ ಸಾಮತಿಯಲ್ಲಿ ದಾರಿಯಲ್ಲಿ ಸಿಕ್ಕವರನ್ನೆಲ್ಲ ಒಳಗೆ ಕೂರಿಸಿ, ಮದುವೆಯ ಬಟ್ಟೆ ಉಟ್ಟಿಲ್ಲವೆಂದು ಒಬ್ಬನನ್ನು ಕೈಕಾಲು ಕಟ್ಟಿ ಹೊರಗೆ ಎಸೆಯುತ್ತಾರೆ. ಬೀದಿಯಿಂದ ಬಂದವನ ಬಳಿ ಒಳ್ಳೆಯ ಬಟ್ಟೆ ಎಲ್ಲಿಂದ ಬರಬೇಕು? ಆತಿಥೇಯರೇ ಬಟ್ಟೆ ಕೊಡುತ್ತಿದ್ದರು, ಇವನು ಬೇಡವೆಂದ ಎಂದು ನಮ್ಮ ಸಭಾಪಾಲಕರು ಹೇಳಿದರು.

ಉತ್ತರ: ಪ್ರಸಂಗಗಳಲ್ಲಿ ಈ ವಿವರಣೆ ತುಂಬ ಕೇಳಿಬರುತ್ತದೆ. ಮೊದಲ ಶತಮಾನದ ಪಲೆಸ್ತೀನದ ಮದುವೆಗಳಲ್ಲಿ ಬಂದವರಿಗೆಲ್ಲ ಬಾಗಿಲಲ್ಲೇ ಉಡುಪು ಹಂಚುತ್ತಿದ್ದರು ಎನ್ನಲು ಮಾತ್ರ ಗಟ್ಟಿ ಆಧಾರವಿಲ್ಲ. ಅರಸುಗಳ ಎರಡನೇ ಗ್ರಂಥದಲ್ಲಿ ಅರಸ ಯೇಹು ಉಡುಪು ಕೊಡಿಸಿದ್ದು ಬಾಳನೆಂಬ ದೇವರ ಭಕ್ತರಿಗೆ, ಗುಡಿಯಲ್ಲಿ. ಅದು ಮದುವೆಯಲ್ಲ.

ನನಗೆ ಹೆಚ್ಚು ಬೆಳಕು ಕೊಟ್ಟಿರುವುದು ಇನ್ನೊಂದು ಕಥೆ. ಯೆರೂಸಲೇಮಿನ ಪತನವನ್ನು ಕಂಡು ಬದುಕಿದ ರಬ್ಬಿ ಯೋಹಾನಾನ್ ಬೆನ್ ಝಕ್ಕೈ ಹೇಳಿದ್ದೆಂದು ತಾಲ್ಮುದ್ ಅದನ್ನು ದಾಖಲಿಸುತ್ತದೆ. ಅರಸ ಸೇವಕರನ್ನು ಔತಣಕ್ಕೆ ಕರೆದ, ಹೊತ್ತು ಹೇಳಲಿಲ್ಲ. ಜಾಣರು ಅಲಂಕರಿಸಿಕೊಂಡು ಅರಮನೆಯ ಬಾಗಿಲಲ್ಲೇ ಕುಳಿತರು. ಅರಸನ ಮನೆಯಲ್ಲಿ ಕೊರತೆಯುಂಟೇ, ಯಾವಾಗ ಬೇಕಾದರೂ ಕರೆದಾರು ಎಂದರು. ದಡ್ಡರು ಔತಣವೆಂದರೆ ಏರ್ಪಾಡಿಗೆ ಹೊತ್ತು ಹಿಡಿಯುತ್ತದೆ ಎಂದುಕೊಂಡು ಕೆಲಸಕ್ಕೆ ಹೋದರು. ಕರೆ ತಟ್ಟನೆ ಬಂತು. ದಡ್ಡರು ಕೊಳೆಬಟ್ಟೆಯಲ್ಲೇ ಒಳಗೆ ಬಂದರು. ಅಲಂಕರಿಸಿಕೊಂಡವರು ಕುಳಿತು ಉಣ್ಣಲಿ, ಇವರು ನಿಂತು ನೋಡಲಿ ಎಂದ ಅರಸ.

ಇಲ್ಲಿ ಕೇಳುತ್ತಿರುವುದು ಬೆಲೆಬಾಳುವ ಬಟ್ಟೆಯನ್ನಲ್ಲ, ಒಗೆದ ಬಟ್ಟೆಯನ್ನು. ಕರೆಗೆ ತಾನು ಸಿದ್ಧನೆಂದು ತೋರಿಸುವಷ್ಟು ಕಾಳಜಿ. ಬಡವನ ಕೈಗೂ ಎಟುಕುವಂಥದ್ದು ಅದು. ಪ್ರಕಟನೆ ಗ್ರಂಥದ 19ನೇ ಅಧ್ಯಾಯ ಕುರಿಮರಿಯ (ಅಂದರೆ ಕ್ರಿಸ್ತನ) ಮದುವೆಯಲ್ಲಿ ವಧುವಿನ ನಯವಾದ ನಾರುಮಡಿಯನ್ನು ಭಕ್ತರ ಸತ್ಕ್ರಿಯೆಗಳು ಎಂದೇ ಬಿಡಿಸಿ ಹೇಳುತ್ತದೆ. ಸಂತ ಅಗಸ್ಟೀನ್ ಮತ್ತಾಯನ ಸಾಮತಿಯ ಮದುವೆಬಟ್ಟೆಯನ್ನು ಪ್ರೀತಿ ಎಂದು ಓದಿದ. ಇನ್ನೂ ಒಂದು ಮಾತು: ಬಾರದವರ ಬಳಿ ಹೊಲ, ವ್ಯಾಪಾರ ಎಂದು ಬೇಕಾದಷ್ಟು ಕಾರಣಗಳಿದ್ದವು. ಇವನನ್ನು ಹೀಗೇಕೆ ಬಂದೆ ಎಂದು ಕೇಳಿದಾಗ ಬಾಯಿ ಕಟ್ಟಿಹೋಯಿತು. ಬಡತನ ಕಾರಣವಾಗಿದ್ದರೆ ಅದನ್ನು ಹೇಳಲು ಅವನಿಗೆ ಅದೇ ತಕ್ಕ ಜಾಗವಾಗಿತ್ತು.

ಪ್ರಶ್ನೆ: ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ತೀರಿದ್ದು ಅಷ್ಟು ದೊಡ್ಡ ಸಂಗತಿಯೇ? ಯೇಸುವಿನ ತಾಯಿ ಮರಿಯಮ್ಮನವರು ಆ ಮನೆಯ ನೆಂಟರೇ?

ಉತ್ತರ: ದೊಡ್ಡ ಸಂಗತಿಯೇ. ಮದುವೆ ಊಟ ಏಳು ದಿನ ನಡೆಯುವುದು ಹಳೆಯ ಪದ್ಧತಿ. ಯಾಕೋಬ–ಲೇಯಾ ಮದುವೆಯಲ್ಲಿ, ಸಂಸೋನನ ಮದುವೆಯಲ್ಲಿ ಏಳು ದಿನದ ಲೆಕ್ಕ ಬರುತ್ತದೆ. ಅಷ್ಟೂ ದಿನ ನಡೆಸಿಕೊಡುವ ಹೊಣೆ ಗಂಡಿನ ಕಡೆಯದು. ಆ ನಾಡಿನಲ್ಲಿ ಮುಯ್ಯಿಯೂ ಇತ್ತು, ನಮ್ಮಲ್ಲಿರುವ ಹಾಗೆಯೇ, ಇನ್ನೂ ಬಿಗಿಯಾಗಿ: ಮದುಮಗನ ಗೆಳೆಯರು ಮದುವೆಗೆ ಕೊಟ್ಟ ಉಡುಗೊರೆ ತಮ್ಮ ಮದುವೆಯಲ್ಲಿ ತಿರುಗಿ ಬರದಿದ್ದರೆ ನ್ಯಾಯಾಲಯದಲ್ಲಿ ಕೇಳಿ ಪಡೆಯಬಹುದೆಂದು ಯೆಹೂದಿಗಳ ಹಳೆಯ ಕಟ್ಟಳೆಗಳ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ಇಂಥ ಲೆಕ್ಕಾಚಾರದ ನಡುವೆ ಪಾತ್ರೆ ಬರಿದಾದರೆ ಆ ಮನೆಯವರು ಊರಿನಲ್ಲಿ ತಲೆಯೆತ್ತಿ ನಡೆಯುವುದು ಕಷ್ಟ.

ಪಾತ್ರೆಗಳ ವಿಷಯಕ್ಕೆ ಬನ್ನಿ. ಯೇಸು ನೀರನ್ನು ದ್ರಾಕ್ಷಾರಸ ಮಾಡಿದ್ದು ಆರು ಕಲ್ಲಿನ ಬಾನೆಗಳಲ್ಲಿ ಎಂದು ಯೋಹಾನನು ಎಣಿಸಿ ಹೇಳುತ್ತಾನೆ. ಒಂದೊಂದರ ಅಳತೆ ಎರಡು ಮೂರು ಮೆಟ್ರೆಟೆಸ್. ಒಂದು ಮೆಟ್ರೆಟೆಸ್ ಎಂದರೆ ಸುಮಾರು 39 ಲೀಟರ್. ಒಟ್ಟು 470ರಿಂದ 700 ಲೀಟರ್. ಕಲ್ಲೇ ಏಕೆಂದರೆ ಮಣ್ಣಿನ ಪಾತ್ರೆ ಮೈಲಿಗೆಯಾದರೆ ಒಡೆದುಹಾಕಬೇಕು, ಕಲ್ಲಿಗೆ ಮೈಲಿಗೆ ತಗಲುವುದಿಲ್ಲ. ನಜರೇತಿಗೂ, ಕಾನಾ ಎಂದು ಪರಂಪರೆ ಗುರುತಿಸುವ ಕಫರ್ ಕನ್ನಾಕ್ಕೂ ಹತ್ತಿರದ ರೇನಾ ಎಂಬಲ್ಲಿ ಸುಣ್ಣಕಲ್ಲಿನ ಪಾತ್ರೆ ಕೊರೆಯುತ್ತಿದ್ದ ರೋಮನ್ ಕಾಲದ ಗವಿಯೊಂದು 2017ರ ಉತ್ಖನನದಲ್ಲಿ ಸಿಕ್ಕಿತು. ಯೋಹಾನನ ವಿವರ ಆ ಸೀಮೆಯದೇ.

ಮರಿಯಮ್ಮನವರು ನೆಂಟರೆಂದು ಪಠ್ಯ ಹೇಳುವುದಿಲ್ಲ. ಅವರು ಅಲ್ಲಿ ಇದ್ದರು, ಯೇಸುವನ್ನೂ ಶಿಷ್ಯರನ್ನೂ ಕರೆದಿದ್ದರು ಎಂದು ಬೇರೆ ಬೇರೆಯಾಗಿ ಹೇಳುತ್ತದೆ. ಒಳಮನೆಯ ಕೊರತೆ ಅವರಿಗೆ ಮೊದಲು ಗೊತ್ತಾಗುತ್ತದೆ, ಆಳುಗಳಿಗೆ ಅವರೇ ಕೆಲಸ ಹೇಳುತ್ತಾರೆ. ಅಡಿಗೆಮನೆಯವರೆಗೂ ಸಲುಗೆಯಿದ್ದವರು ಎನ್ನಲು ಅಷ್ಟು ಸಾಕು. ಔತಣದ ಪಾರುಪತ್ಯಗಾರ ಮದುಮಗನನ್ನು ಕರೆದು ಹೊಗಳುತ್ತಾನೆ, ಆದರೆ ನಡೆದದ್ದು ಅವನಿಗೆ ತಿಳಿಯದು. ನೀರು ತೋಡಿದ ಆಳುಗಳಿಗೆ ತಿಳಿದಿತ್ತು. ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸುವ ಸಾಲು ಅದು.

ಪ್ರಶ್ನೆ: ಹತ್ತು ಕನ್ಯೆಯರ ಸಾಮತಿಯಲ್ಲಿ ಮದುಮಗಳೇ ಕಾಣುವುದಿಲ್ಲ. ಹೊಸ ಒಡಂಬಡಿಕೆಯಲ್ಲಿ ಮದುವೆಯ ವಿಧಿ ಎಲ್ಲಿದೆ?

ಉತ್ತರ: ಎಲ್ಲೂ ಇಲ್ಲ. ಗುರುಗಳಿಲ್ಲ, ಪ್ರತಿಜ್ಞೆಯಿಲ್ಲ, ಉಂಗುರವಿಲ್ಲ. ಯೆಹೂದಿಗಳಲ್ಲಿ ಮದುವೆಗೆ ಎರಡು ಹಂತ: ನಿಶ್ಚಯ, ಆಮೇಲೆ ಹೆಣ್ಣನ್ನು ಮನೆದುಂಬಿಸಿಕೊಳ್ಳುವುದು. ನಡುವೆ ಸಿದ್ಧತೆಗೆ ಕನ್ಯೆಗೆ ಹನ್ನೆರಡು ತಿಂಗಳ ಅವಕಾಶ ಎನ್ನುತ್ತದೆ ಮಿಷ್ನಾ. ನಿಶ್ಚಯವೇ ಕಟ್ಟು, ಬಿಡಬೇಕಾದರೆ ವಿಚ್ಛೇದನವೇ ಬೇಕು. ಯೋಸೇಫ ಮರಿಯಳನ್ನು ಗುಟ್ಟಾಗಿ ಬಿಡಲು ಯೋಚಿಸಿದ್ದು ಅದಕ್ಕೇ. ಸಾಮತಿಯ ಕನ್ಯೆಯರು ದೀಪ ಹಿಡಿದು ಮದುಮಗನಿಗಾಗಿ ಕಾಯುತ್ತಿದ್ದದ್ದು ಎರಡನೇ ಹಂತದ ರಾತ್ರಿಯ ಮೆರವಣಿಗೆಗೆ. ಮದುಮಗಳಿಲ್ಲದ ಕೊರತೆ ಹಳೆಯ ನಕಲುಕಾರರಿಗೂ ಕಾಣಿಸಿದೆ: ಕೆಲವು ಪ್ರತಿಗಳಲ್ಲಿ ಮದುಮಗನನ್ನು ಎಂಬಲ್ಲಿ ಮದುಮಗನನ್ನೂ ಮದುಮಗಳನ್ನೂ ಎಂದಿದೆ. ಮದುವೆಯಾಗುವವರು ಬಿಷಪರ ಸಮ್ಮತಿ ಪಡೆಯಲಿ ಎಂಬ ಮಾತು ಎರಡನೇ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಬರೆದ ಪತ್ರದಲ್ಲಿ ಸಿಗುತ್ತದೆ.

ಪ್ರಶ್ನೆ: ಮಗಳ ಮದುವೆ ಕಾಗದದ ಮೇಲೆ ‘ಎಲ್ಲವೂ ಸಿದ್ಧವಾಗಿದೆ, ಮದುವೆಯ ಊಟಕ್ಕೆ ಬನ್ನಿರಿ’ ಎಂಬ ವಚನ ಹಾಕಿಸೋಣವೆಂದಿದ್ದೇವೆ. ಪೂರ್ತಿ ಅಧ್ಯಾಯ ಓದಿದ ಮೇಲೆ ಅಳುಕಾಗುತ್ತಿದೆ. ಬೇರೆ ಯಾವುದನ್ನು ಹಾಕಿಸಬಹುದು? ಉಡುಗೊರೆ ಬೇಡವೆಂದೂ ಅಚ್ಚು ಹಾಕಿಸಬಹುದೇ?

ಉತ್ತರ: ವಚನ ಚೆನ್ನಾಗಿಯೇ ಇದೆ, ಆದರೆ ಬೈಬಲು ಬಲ್ಲ ನೆಂಟರಿಗೆ ಮುಂದಿನ ಕೊಲೆ, ಬೆಂಕಿ ನೆನಪಾಗದಿರದು. ಅಳುಕಿದ್ದರೆ ಬಿಡಿ. ಕುರಿಮರಿಯ ಮದುವೆಯೂಟಕ್ಕೆ ಕರೆಸಿಕೊಂಡವರು ಧನ್ಯರು ಎನ್ನುವ ಪ್ರಕಟನೆ 19:9 ಹಾಕಿಸಿ. ಇಲ್ಲವೇ ಯೇಸುವನ್ನೂ ಶಿಷ್ಯರನ್ನೂ ಮದುವೆಗೆ ಕರೆದಿದ್ದರು ಎನ್ನುವ ಯೋಹಾನ 2:2. ನಾನಾದರೆ ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ.

ಉಡುಗೊರೆ ಬೇಡವೆಂದು ಧಾರಾಳವಾಗಿ ಹಾಕಿಸಿ. ಲೂಕ 14:12ರಿಂದ 14ರವರೆಗೆ ಮನೆಯವರೆಲ್ಲ ಒಮ್ಮೆ ಕುಳಿತು ಓದಿ. ಊಟ ಹಾಕಿಸುವಾಗ ಗೆಳೆಯರನ್ನೂ ಬಂಧುಗಳನ್ನೂ ಹಣವಂತರಾದ ನೆರೆಯವರನ್ನೂ ಕರೆಯಬೇಡ, ಅವರು ತಿರುಗಿ ಕರೆದು ಮುಯ್ಯಿ ತೀರಿಸಿಯಾರು. ಬಡವರನ್ನು, ಅಂಗವಿಕಲರನ್ನು, ಕುಂಟರನ್ನು, ಕುರುಡರನ್ನು ಕರೆ ಎನ್ನುತ್ತಾನೆ ಯೇಸು. ಬಂಧುಗಳನ್ನು ಬಿಟ್ಟು ಮದುವೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಅದೇ ಯೇಸು ಕಾನಾದಲ್ಲಿ ತಾಯಿಯೊಂದಿಗೆ ಪಂಕ್ತಿಯಲ್ಲಿದ್ದ. ಕರೆಯಬೇಕಾದವರ ಪಟ್ಟಿ ಬರೆಯುವಾಗ ನಿಮಗೆ ಯಾವತ್ತೂ ಮುಯ್ಯಿ ಮಾಡಲಾಗದ ಕೆಲವು ಮನೆಗಳ ಹೆಸರನ್ನೂ ಸೇರಿಸಿ. ಅವರಿಗೆ ಕಾಗದವನ್ನು ಬೇರೆಯವರ ಕೈಲಿ ಕಳಿಸದೆ ನೀವೇ ಹೋಗಿ ಕೊಟ್ಟು ಬನ್ನಿ, ಮದುವೆಯ ಹಿಂದಿನ ದಿನ ಇನ್ನೊಮ್ಮೆ ಕರೆಯಿರಿ.