ಕೆಲಸ ಹೋದದ್ದನ್ನು ಊರಿಗೆ ಹೇಳಬೇಕಾ?

ಬಾಗಲಕೋಟೆಯ ನವನಗರದವರು ಅಂತ ಬರೆದಿದ್ದೀರಿ. ನಾನು ಪಕ್ಕದ ವಿಜಯಪುರ ಜಿಲ್ಲೆ, ತಿಕೋಟಾ ಕಡೆಯವನು. ಜರ್ಮನಿಗೆ ಬಂದು 14 ತಿಂಗಳಿಗೇ ನಿಮಗೆ ನೋಟಿಸ್ ಸಿಕ್ಕಿದೆ. ಮನೆಯಲ್ಲಿ ಹೇಳಿಲ್ಲ. ಈ ದೇಶದಲ್ಲಿ ಧೈರ್ಯ ಹಿಡಿದು ಬದುಕೋದು ಹೇಗೆ ಅಂತ ಕೇಳಿದ್ದೀರಿ.

ಮೊದಲು ಕಾಗದಪತ್ರ. ಅದು ಮುಗಿದರೆ ಅರ್ಧ ನಿದ್ದೆ ವಾಪಸ್ ಬರುತ್ತದೆ. ನೋಟಿಸ್ ಕೈಗೆ ಬಂದ 3 ದಿನದೊಳಗೆ ಸರ್ಕಾರಿ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿ. ನಿಮ್ಮ ವೀಸಾ ನೋಡಿಕೊಳ್ಳುವ ವಿದೇಶಿಯರ ಕಚೇರಿಗೆ 2 ವಾರದೊಳಗೆ ತಿಳಿಸಿ. ನೋಟಿಸ್ ಸರಿ ಇಲ್ಲ ಅನಿಸಿದರೆ ಕೋರ್ಟಿಗೆ ಹೋಗಲು ಇರುವುದು 3 ವಾರ ಅಷ್ಟೇ. 12 ತಿಂಗಳಿಗಿಂತ ಜಾಸ್ತಿ ನಿರುದ್ಯೋಗ ವಿಮೆ ಕಟ್ಟಿದ್ದೀರಿ, ಹಾಗಾಗಿ 6 ತಿಂಗಳು ನಿರುದ್ಯೋಗ ಭತ್ಯೆ ಬರುತ್ತದೆ. ಹೆಚ್ಚುಕಡಿಮೆ ಕೈಗೆ ಸಿಗುತ್ತಿದ್ದ ಸಂಬಳದ 60%, ಮಕ್ಕಳಿದ್ದರೆ 67%. ನಾಚಿಕೆ ಬೇಡ, ಅದು ನಿಮ್ಮ ಸಂಬಳದಲ್ಲೇ ಹಿಡಿದಿಟ್ಟ ದುಡ್ಡು. ಹಿಂದೆ ನನ್ನ ಕೆಲಸ ಹೋದಾಗ ನಾನು ನಾಚಿಕೊಂಡು ಹೆಸರು ಬರೆಸಲು ತಡ ಮಾಡಿದೆ, ಒಂದು ವಾರದ ಭತ್ಯೆ ಕಟ್ ಆಯಿತು.

ಇನ್ನು ಮನೆಯ ವಿಷಯ. ನಮ್ಮ ಕಡೆ ಕೆಲಸ ಹೋಯ್ತು ಅಂದರೆ ಹುಡುಗ ಏನೋ ತಪ್ಪು ಮಾಡಿದ ಅಂತಲೇ ಲೆಕ್ಕ, ಅಲ್ವಾ? ಅದಕ್ಕೇ ನಾನೂ ಮುಚ್ಚಿಟ್ಟೆ. ಅಪ್ಪ ಫೋನ್ ಮಾಡಿದಾಗಲೆಲ್ಲ ಪೈಜಾಮದಲ್ಲಿ ಅಡುಗೆಮನೆಯಲ್ಲಿ ನಿಂತು "ಮೀಟಿಂಗ್ ಐತಿ" ಅನ್ನುತ್ತಿದ್ದೆ. ಅರ್ಜಿ ಹಾಕುವುದಕ್ಕಿಂತ ಈ ನಾಟಕಕ್ಕೇ ಜಾಸ್ತಿ ಶಕ್ತಿ ಹೋಗುತ್ತಿತ್ತು.

ನಾಲ್ಕನೇ ತಿಂಗಳು ಉದ್ಯೋಗ ಕಚೇರಿಯ ಒಪ್ಪಿಗೆ ಪಡೆದು ಎರಡು ವಾರ ಊರಿಗೆ ಹೋದೆ. (ಕೇಳದೆ ಹೋದರೆ ಭತ್ಯೆ ನಿಲ್ಲುತ್ತದೆ, ಹುಷಾರು.) ಮಾರ್ಚ್ ತಿಂಗಳು. ಶೆಡ್ಡಿನ ಬಲೆಗಳ ಮೇಲೆ ದ್ರಾಕ್ಷಿ ಒಣಗಲು ಹಾಕಿದ್ದರು. ಹದಿನೈದು ದಿನದ ಕೆಲಸ ಅದು. ನಾಲ್ಕು ಕೆಜಿ ಹಸಿ ಹಣ್ಣಿಗೆ ಒಂದು ಕೆಜಿ ಒಣದ್ರಾಕ್ಷಿ. ಮೂಲೆಯಲ್ಲಿ ಒಂದು ಹಳೆಯ ಚೀಲ ಇತ್ತು. ಕೈ ಹಾಕಿದೆ. ಕಾಳೆಲ್ಲ ಕಪ್ಪು, ಬೆರಳಿಗೆ ಅಂಟು. ಏನಿದು ಅಂದೆ.

"ಹ್ವಾದ ವರ್ಷದ್ದು. ಶೆಡ್ಡಿಗೆ ಹಾಕಿದ ಮ್ಯಾಲ ಮಳಿ ಹೊಡೀತು. ಅರ್ಧ ರೇಟಿಗೂ ಕೇಳಲಿಲ್ಲ ಯಾರೂ," ಅಂದರು ಅಪ್ಪ.

"ನನಗ ಹೇಳಲೇ ಇಲ್ಲಲ್ಲ?"

"ನೀ ಮೀಟಿಂಗನ್ಯಾಗ ಇರ್ತಿದ್ದೆಲ್ಲ."

ಅಲ್ಲೇ ಬಾಯಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ನೆ ದ್ರಾಕ್ಷಿ ಹರವುತ್ತಿದ್ದರು. ಆಮೇಲೆ ಕೇಳಿದ್ದು ಒಂದೇ: "ಊಟಕ್ಕ ರೊಕ್ಕ ಐತಿಲ್ಲೋ?"

ವಾಪಸ್ ಬಂದ ಮೇಲೆ ದಿನಾ ಸಂಜೆ ಫೋನ್. "ಇವತ್ತ ಎಷ್ಟ ಹಾಕಿದಿ?" ಅರ್ಜಿಯನ್ನು ಕ್ರೇಟ್ ಎಣಿಸಿದಂತೆ ಎಣಿಸುತ್ತಿದ್ದರು. ಕೇಳುವವರಿದ್ದರು ಅಂತ ದಿನಕ್ಕೆ ಎರಡಾದರೂ ಸರಿಯಾಗಿ ಬರೆದು ಹಾಕಿದೆ. ಉತ್ತರ ಬಾರದ ದಿನಗಳೂ ಅಷ್ಟು ಭಾರ ಅನಿಸಲಿಲ್ಲ. ಆರನೇ ತಿಂಗಳು ಚಿಕ್ಕ ಊರಿನಲ್ಲಿ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಕಡಿಮೆ. ಇವತ್ತಿಗೂ ಅದೇ ಊರಲ್ಲಿದ್ದೇನೆ.

ನಾಳೆ ಬೆಳಗ್ಗೆ ಹೆಸರು ಬರೆಸಿ, ಆಮೇಲೆ ನವನಗರಕ್ಕೆ ಫೋನ್ ಮಾಡಿ. ಈಗ ಚಳಿಗಾಲ, ಊರು ನಮಗಿಂತ ನಾಲ್ಕೂವರೆ ಗಂಟೆ ಮುಂದಿದೆ. ಇಲ್ಲಿ ಸಂಜೆಯಾಗುವವರೆಗೆ ಕಾಯಬೇಡಿ, ಹೊತ್ತಲ್ಲದ ಹೊತ್ತಲ್ಲಿ ಫೋನ್ ಬಂದರೆ ಅಮ್ಮ ಗಾಬರಿಯಾಗುತ್ತಾರೆ.