1976ರ ಚಳಿಗಾಲದ ಒಲಿಂಪಿಕ್ಸ್‌ನ ಡೌನ್‌ಹಿಲ್ ರೇಸ್ (ಹಿಮದ ಬೆಟ್ಟದಿಂದ ಸ್ಕೀ ಕಟ್ಟಿಕೊಂಡು ವೇಗವಾಗಿ ಇಳಿಯುವ ಸ್ಪರ್ಧೆ) ಬಗ್ಗೆ ಜನ ಇನ್ನೂ ಯಾಕೆ ಮಾತಾಡುತ್ತಾರೆ?

ಫ್ರಾನ್ಜ್ ಕ್ಲಾಮರ್ ಇಳಿದ ರೀತಿಗೆ. ಗೆದ್ದಿದ್ದಕ್ಕಿಂತ, ಬೀಳದೇ ಉಳಿದದ್ದೇ ದೊಡ್ಡ ಸುದ್ದಿ.

ಮೊದಲು ಆಟದ ಲೆಕ್ಕ ನೋಡಿ. ಡೌನ್‌ಹಿಲ್‌ನಲ್ಲಿ ಒಬ್ಬೊಬ್ಬರಾಗಿ ಇಳಿಯುತ್ತಾರೆ, ಸಿಗುವುದು ಒಂದೇ ಅವಕಾಶ. ಎಡವಿದರೆ ಮತ್ತೆ ನಾಲ್ಕು ವರ್ಷ ಕಾಯಬೇಕು.

ರೇಸ್ ನಡೆದದ್ದು ಆಸ್ಟ್ರಿಯಾದ ಇನ್ಸ್‌ಬ್ರುಕ್ ಪಕ್ಕದ ಪ್ಯಾಟ್ಷರ್‌ಕೋಫೆಲ್ ಬೆಟ್ಟದಲ್ಲಿ. ಕ್ಲಾಮರ್ ಅದೇ ದೇಶದ 22ರ ಹುಡುಗ. ಹಿಂದಿನ ಸೀಸನ್‌ನಲ್ಲಿ 9 ವಿಶ್ವಕಪ್ ಡೌನ್‌ಹಿಲ್‌ಗಳಲ್ಲಿ 8 ಗೆದ್ದಿದ್ದ. ಹಾಗಾಗಿ ಊರೆಲ್ಲ ಇವನೇ ಗೆಲ್ಲಬೇಕು ಅಂತ ಕೂತಿತ್ತು. ಆ ಒತ್ತಡ ಸುಮ್ನೆ ಅಲ್ಲ.

1972ರ ಚಾಂಪಿಯನ್, ಸ್ವಿಟ್ಜರ್ಲೆಂಡ್‌ನ ಬರ್ನ್‌ಹಾರ್ಡ್ ರುಸ್ಸಿ ಆಗಲೇ ಇಳಿದು 1:46.06 ಸಮಯ ಹಾಕಿದ್ದ. ಕ್ಲಾಮರ್ ಸರದಿ 15ನೆಯದು. ಹಳದಿ ಸೂಟ್. ಅರ್ಧ ದಾರಿ ದಾಟಿದರೂ ರುಸ್ಸಿಗಿಂತ ಹಿಂದೆಯೇ ಇದ್ದ. ಆಮೇಲೆ ಹುಚ್ಚು ಹಿಡಿದವನ ಹಾಗೆ ಇಳಿದ. ಕೈ ಗಾಳಿಯಲ್ಲಿ ಬೀಸುತ್ತಿದೆ, ಒಂದು ಕಾಲು ಮೇಲೆ ಏಳುತ್ತಿದೆ, ಈಗ ಬಿದ್ದ, ಈಗ ಬಿದ್ದ ಅನ್ನಿಸುತ್ತದೆ. ಬೀಳಲಿಲ್ಲ. 1:45.73ರಲ್ಲಿ ಮುಗಿಸಿದ!

ಅಂತರ ಬರೀ 0.33 ಸೆಕೆಂಡ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸುಮಾರು 9 ಮೀಟರ್, ಅಂದರೆ ಒಂದು ಬಸ್ಸಿನಷ್ಟು ಉದ್ದ. ಕಂಚು ಇಟಲಿಯ ಹೆರ್ಬರ್ಟ್ ಪ್ಲಾಂಕ್‌ಗೆ.

ನನ್ನ ಪ್ರಕಾರ ಇದಕ್ಕಿಂತ ಅಚ್ಚುಕಟ್ಟಾಗಿ ಇಳಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಉಸಿರು ಬಿಗಿಹಿಡಿದು ನೋಡುವುದು ಇಂಥದ್ದನ್ನೇ ಅಲ್ವಾ? ವಿಡಿಯೋ ಸಿಕ್ಕರೆ ಕೊನೆಯ ಅರ್ಧ ನಿಮಿಷವನ್ನು ಎರಡು ಸಲ ನೋಡಿ.