ಗೋರಿ ಅಗೆಯದ ಗೋರಿಗಳ್ಳರು: ಒಂದು ಪತ್ರಕ್ಕೆ ಉತ್ತರ

ನಮಸ್ಕಾರ ಮೇಡಂ,

ನಿಮ್ಮ ಪತ್ರ ಬಂದು ಎರಡು ವಾರವೇ ಆಯಿತು. ತಡವಾಯಿತು, ಕ್ಷಮಿಸಿ. ‘ಅಭಿಪ್ರಾಯಕ್ಕೆ ಧನ್ಯವಾದ’ ಎಂದು ಎರಡು ಸಾಲು ಬರೆದು ಮುಗಿಸೋಣ ಅಂತ ಕೂತೆ, ಕೈ ಓಡಲಿಲ್ಲ. ಬೈದಿದ್ದರೆ ಆಗಲೇ ಉತ್ತರ ಬರೆದುಬಿಡುತ್ತಿದ್ದೆ. ನೀವು ಬೈದಿಲ್ಲ, ಪ್ರಶ್ನೆ ಕೇಳಿದ್ದೀರಿ.

ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ. ನಮ್ಮ ಸಿನಿಮಾ ಅಂಕಣದಲ್ಲಿ 2010ರ ‘ಬರ್ಕ್ ಅಂಡ್ ಹೇರ್’ ಚಿತ್ರದ ಬಗ್ಗೆ ‘ಗೋರಿಗಳ್ಳರ ಕಥೆ, ಮನೆಮಂದಿಯೆಲ್ಲ ಕೂತು ನಗಬಹುದು’ ಎಂದು ಬರೆದಿದ್ದೆವು. ಮೇಡಂ ಅದನ್ನು ನಂಬಿ ಮಗ ಮತ್ತು ಅವನ ಇಬ್ಬರು ಗೆಳೆಯರ ಜೊತೆ ನೋಡಿದರು. ಮೂವರೂ ಮೆಡಿಕಲ್ ಓದುವ ಹುಡುಗರು, ಚೆನ್ನಾಗಿ ನಕ್ಕರಂತೆ. ಇವರು ಅರ್ಧಕ್ಕೆ ಎದ್ದು ಅಡುಗೆಮನೆಗೆ ಹೋದರು. ‘ಮೂವತ್ತು ವರ್ಷ ನರ್ಸ್ ಆಗಿದ್ದವಳು ನಾನು. ಎಷ್ಟೋ ಹೆಣಗಳ ಮೈ ಒರೆಸಿ ಬಟ್ಟೆ ಹೊದಿಸಿದ್ದೇನೆ. ಸಾವಿನ ಪಕ್ಕ ನಿಂತು ತಮಾಷೆ ಮಾಡುವುದು ನನಗೆ ಹೊಸದಲ್ಲ. ಆದರೆ ಇಲ್ಲಿ ಯಾರನ್ನು ನೋಡಿ ನಗಬೇಕು ಅಂತಲೇ ತಿಳಿಯಲಿಲ್ಲ’ ಎಂದು ಬರೆದಿದ್ದಾರೆ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ‘ಮನೆಮಂದಿಯೆಲ್ಲ’ ಅನ್ನುವ ಮಾತು ಬರೀ ಚಾಳಿಯಿಂದ ಬಿದ್ದದ್ದು, ಅದಕ್ಕೆ ಬೇರೆ ಸಮಜಾಯಿಷಿ ಇಲ್ಲ. ಅದಕ್ಕಿಂತ ದೊಡ್ಡ ತಪ್ಪು ‘ಗೋರಿಗಳ್ಳರು’ ಎಂದದ್ದು. 1820ರ ದಶಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದ ವಿಲಿಯಂ ಬರ್ಕ್ ಮತ್ತು ವಿಲಿಯಂ ಹೇರ್ ಒಂದು ಗೋರಿಯನ್ನೂ ಅಗೆದವರಲ್ಲ. ಅಗೆಯುವ ಕಷ್ಟವೇ ಬೇಡ ಅಂತ ಬದುಕಿದ್ದವರನ್ನೇ ಹೆಣ ಮಾಡಿ ಮಾರಿದರು. ಹೆಚ್ಚುಕಡಿಮೆ ಒಂದು ವರ್ಷದಲ್ಲಿ 16 ಜನ.

ಗೋರಿಗಳ್ಳರು ಬೇರೆಯೇ ಇದ್ದರು. ಅವರ ಕಸುಬೂ ಬೇರೆ. ಚಳಿಗಾಲದ ಕಸುಬು ಅದು, ಯಾಕೆಂದರೆ ಕದ್ದ ಹೆಣ ಕೊಳ್ಳುತ್ತಿದ್ದ ಶಾಲೆಗಳಲ್ಲಿ ಅಂಗರಚನೆಯ ಪಾಠ, ಅಂದರೆ ಹೆಣ ಕೊಯ್ದು ಕಲಿಯುವ ಪಾಠ, ನಡೆಯುತ್ತಿದ್ದದ್ದು ಚಳಿಗಾಲದಲ್ಲಿ, ಹೆಣ ಬೇಗ ಕೆಡುವುದಿಲ್ಲ ಅಂತ. ಸದ್ದಾಗದಿರಲಿ ಎಂದು ಮರದ ಸಲಿಕೆ ಹಿಡಿದು ಹೋಗುತ್ತಿದ್ದರು. ಇಡೀ ಗುಂಡಿ ತೋಡುತ್ತಿರಲಿಲ್ಲ. ತಲೆಯ ಕಡೆ ಮಾತ್ರ ತೋಡಿ, ಪೆಟ್ಟಿಗೆಯ ಮುಚ್ಚಳ ಅಷ್ಟು ಮುರಿದು, ಹಗ್ಗ ಬಿಗಿದು ಎಳೆದರೆ ಮುಗಿಯಿತು. ಆಮೇಲೆ ಹೆಣದ ಮೈಮೇಲಿನ ಬಟ್ಟೆ ಬಿಚ್ಚಿ ವಾಪಸು ಗುಂಡಿಗೇ ಹಾಕಿ ಮಣ್ಣು ಮುಚ್ಚುತ್ತಿದ್ದರು. ಬಟ್ಟೆ ಯಾಕೆ ಬಿಟ್ಟರು ಅಂತೀರಾ? ಆ ಕಾಲದ ಬ್ರಿಟನ್ನಿನ ಲೆಕ್ಕದಲ್ಲಿ ಹೆಣ ಯಾರ ಸೊತ್ತೂ ಅಲ್ಲ. ಗೋರಿ ಕೆದಕಿ ಸಿಕ್ಕಿಬಿದ್ದರೆ ಶಿಕ್ಷೆ ಇತ್ತು, ನಿಜ. ಆದರೆ ಬಟ್ಟೆಗೆ ಒಡೆಯರಿದ್ದಾರೆ, ಅದನ್ನು ಒಯ್ದರೆ ಕಳ್ಳತನದ ಕೇಸು ಬೀಳುತ್ತದೆ! ಮಸಣದಲ್ಲಿ ಹೆಂಡತಿಯನ್ನೇ ಸುಂಕ ಕೇಳಿದ ಹರಿಶ್ಚಂದ್ರನ ಕಥೆ ಕೇಳಿ ಬೆಳೆದ ನಮಗೆ ಹೆಣದ ಬಟ್ಟೆಯ ಮೇಲೆ ಯಾರಿಗೆ ಹಕ್ಕು ಅನ್ನುವ ಜಗಳ ಹೊಸದೇನಲ್ಲ, ಆದರೂ ಇದನ್ನು ಮೊದಲ ಸಲ ಓದಿದಾಗ ನಾನು ಜೋರಾಗಿಯೇ ನಕ್ಕಿದ್ದೆ. ನಕ್ಕದ್ದು ಹೆಣವನ್ನು ನೋಡಿ ಅಲ್ಲ, ಆ ಕಾನೂನನ್ನು ನೋಡಿ.

ಎಡಿನ್‌ಬರೋದ ಗ್ರೇಫ್ರಯರ್ಸ್ ಸ್ಮಶಾನದಲ್ಲಿ ಸಮಾಧಿಯ ಮೇಲೆ ಹಾಕಿದ ಕಬ್ಬಿಣದ ಪಂಜರಗಳು ಇಂದಿಗೂ ಇವೆ. ದೆವ್ವ ಹೊರಗೆ ಬರದಿರಲಿ ಅಂತ ಹಾಕಿದ್ದಲ್ಲ. ಕಳ್ಳ ಒಳಗೆ ಕೈಹಾಕದಿರಲಿ ಅಂತ. ದುಡ್ಡಿದ್ದವರು ಪಂಜರ ಹಾಕಿಸಿದರು. ಇಲ್ಲದವರು ಲಾಟೀನು ಹಿಡಿದು, ಒಳಗಿನ ದೇಹ ಯಾರಿಗೂ ಬೇಡದಷ್ಟು ಕೊಳೆಯುವವರೆಗೆ ರಾತ್ರಿ ರಾತ್ರಿ ಕಾದರು. ನಮ್ಮಪ್ಪ ಪೂರ್ತಿ ಕೊಳೆಯಲಿ ಅಂತ ದಿನ ಎಣಿಸುತ್ತಾ ಚಳಿಯಲ್ಲಿ ಕೂತ ಮಗನನ್ನು ಊಹಿಸಿಕೊಳ್ಳಿ. ನನ್ನ ಪ್ರಕಾರ ಈ ಕಥೆಯ ಕಪ್ಪು ಹಾಸ್ಯವೆಲ್ಲ ಅಲ್ಲಿದೆ.

ಇನ್ನು ಬರ್ಕ್ ಮತ್ತು ಹೇರ್. ಇಬ್ಬರೂ ಐರ್ಲೆಂಡಿನಿಂದ ಕಾಲುವೆ ಕೆಲಸಕ್ಕೆ ಬಂದ ಕೂಲಿಗಳು. 1827ರ ನವೆಂಬರಿನಲ್ಲಿ ಹೇರ್‌ನ ಬಾಡಿಗೆ ಮನೆಯಲ್ಲಿದ್ದ ಡೊನಾಲ್ಡ್ ಎಂಬ ಮುದಿ ಸಿಪಾಯಿ ಕಾಯಿಲೆಯಿಂದ ಸತ್ತ. ಬಾಡಿಗೆ ಬಾಕಿ 4 ಪೌಂಡ್. ಬಾಕಿ ವಸೂಲಿಗೆ ಹೆಣವನ್ನೇ ಒಯ್ದು ಡಾಕ್ಟರ್ ರಾಬರ್ಟ್ ನಾಕ್ಸ್ ಅವರ ಅಂಗರಚನಾ ಶಾಲೆಗೆ ಕೊಟ್ಟರು. ಸಿಕ್ಕಿದ್ದು 7 ಪೌಂಡ್ 10 ಶಿಲ್ಲಿಂಗ್. ಬಾಕಿ ತೀರಿ ಮೇಲೆ ಲಾಭವೂ ಬಂತು. ಅಲ್ಲಿಂದ ಮುಂದೆ ಬೇಸಿಗೆಯ ಹೆಣಕ್ಕೆ 8 ಪೌಂಡ್, ಚಳಿಗಾಲದ್ದಕ್ಕೆ 10. ತರಕಾರಿ ಸಂತೆಯ ಹಾಗೆ ಸೀಸನ್ನಿಗೊಂದು ರೇಟು. ಕುಡಿಸಿ ಮಲಗಿಸುವುದು, ಒಬ್ಬ ಎದೆಯ ಮೇಲೆ ಕೂರುವುದು, ಇನ್ನೊಬ್ಬ ಮೂಗು ಬಾಯಿ ಮುಚ್ಚುವುದು. ಮೈಮೇಲೆ ಗಾಯ ಕಾಣುತ್ತಿರಲಿಲ್ಲ. ಕೊಂಡವರಿಗೆ ಬೇಕಾಗಿದ್ದೂ ಅಂಥ ಹೆಣವೇ.

ಈಗ ಸಿನಿಮಾಕ್ಕೆ ಬರುತ್ತೇನೆ. ನಿಮ್ಮ ಪತ್ರದ ಹಿಂದೆಯೇ ಇನ್ನೂ ಒಂದಿಷ್ಟು ಪತ್ರ ಬಂದವು. ಒಬ್ಬರು ‘ಉಪ್ಪೂ ಇಲ್ಲದ ಖಾರವೂ ಇಲ್ಲದ ಸಾರು, ನಗುವೂ ಬರಲಿಲ್ಲ ಭಯವೂ ಆಗಲಿಲ್ಲ’ ಎಂದರು. ನಿರ್ದೇಶಕ ಜಾನ್ ಲ್ಯಾಂಡಿಸ್ 1981ರಲ್ಲಿ ಮಾಡಿದ ತೋಳಮನುಷ್ಯನ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ಕೂತವರೊಬ್ಬರಿಗೆ ಸಿಟ್ಟೇ ಬಂದಿದೆ: ಆ ಚಿತ್ರ ನಗಿಸುತ್ತಲೇ ಬೆನ್ನಿಗೆ ಚಳಿ ಹತ್ತಿಸುತ್ತಿತ್ತು, ಇದು ಎರಡಕ್ಕೂ ಹೆದರಿಕೊಂಡಿದೆ ಅನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಓದುತ್ತಿರುವ ನಮ್ಮ ಕಡೆಯ ಹುಡುಗಿಯೊಬ್ಬಳಿಗೆ ಮಾತ್ರ ಸಖತ್ ಇಷ್ಟವಾಗಿದೆ. ದಿನಾ ಓಡಾಡುವ ಬೀದಿ ತೆರೆಯ ಮೇಲೆ ಕಂಡರೆ ಯಾರಿಗೆ ಖುಷಿಯಾಗುವುದಿಲ್ಲ, ಹೇಳಿ. ನನ್ನನ್ನು ತಡೆದು ನಿಲ್ಲಿಸಿದ್ದು ಒಬ್ಬ ಹಿರಿಯರ ಕಾರ್ಡು. ಅದರಲ್ಲಿ ಒಂದೇ ಸಾಲು: ‘ಪಾಪ ಬರ್ಕ್, ಒಳ್ಳೆಯ ಹುಡುಗ, ದುಡ್ಡಿಲ್ಲದೆ ಕೆಟ್ಟ.’

ಪಾಪ ಬರ್ಕ್! ಅವರನ್ನು ದೂರುವಂತಿಲ್ಲ. ಚಿತ್ರ ಕೊನೆಯವರೆಗೂ ಅದನ್ನೇ ನಂಬಿಸುತ್ತದೆ. ಸೈಮನ್ ಪೆಗ್ ಮುಖದಲ್ಲಿ ಒಂದು ಅಮಾಯಕತನ ಇದೆ, ಆ ಮುಖವನ್ನು ಬರ್ಕ್‌ಗೆ ಹಾಕಿದ್ದಾರೆ. ಮೇಲಿಂದ ಇಸ್ಲಾ ಫಿಶರ್ ಮಾಡಿರುವ ನಟಿಯ ಪಾತ್ರವೊಂದನ್ನು ಜೋಡಿಸಿದ್ದಾರೆ. ಅವಳಿಗೆ ಹೆಂಗಸರಷ್ಟೇ ಇರುವ ‘ಮ್ಯಾಕ್‌ಬೆತ್’ ನಾಟಕ ಆಡಿಸಬೇಕು, ಅದಕ್ಕೆ ದುಡ್ಡು ಬೇಕು, ಹಾಗಾಗಿ ಇವನು ಕೊಲೆ ಮಾಡುತ್ತಾನೆ. ಅಂದರೆ ಪ್ರೀತಿಗೋಸ್ಕರ. ‘ಇದು ನಿಜ ಕಥೆ, ನಿಜವಲ್ಲದ ಭಾಗಗಳನ್ನು ಬಿಟ್ಟು’ ಎನ್ನುವ ಅರ್ಥದ ಸಾಲು ಶುರುವಿನಲ್ಲೇ ಬರುತ್ತದೆ, ಜಾಣರು, ಮುಂಚೆಯೇ ಜಾಮೀನು ತೆಗೆದುಕೊಂಡಿದ್ದಾರೆ. ಇತಿಹಾಸ ತಿರುಚಿದರು ಅಂತ ನನಗೆ ಬೇಜಾರಿಲ್ಲ, ಸಿನಿಮಾ ಎಂದ ಮೇಲೆ ತಿರುಚುತ್ತಾರೆ. ಆದರೆ ತಿರುಚಿದ್ದು ಯಾರ ಲಾಭಕ್ಕೆ, ಕೊಂದವನ ಲಾಭಕ್ಕೆ ತಾನೇ? ಕೊಂದವನಿಗೆ ಹೆಸರಿದೆ, ಪ್ರೇಯಸಿ ಇದ್ದಾಳೆ, ಕಣ್ಣಲ್ಲಿ ನೀರಿದೆ. ಸತ್ತವರ ಮುಖವಾದರೂ ನೆನಪಿದೆಯಾ ಅಂತ ಚಿತ್ರ ಮುಗಿದ ಮೇಲೆ ನನ್ನನ್ನೇ ಕೇಳಿಕೊಂಡೆ. ಡ್ರಾಕುಲಾ ಪಾತ್ರಕ್ಕೆ ಹೆಸರಾದ ಕ್ರಿಸ್ಟೋಫರ್ ಲೀ ಒಂದು ಗಳಿಗೆ ಬಂದು ಸಾಯುತ್ತಾರೆ, ಅವರು ನೆನಪಿದ್ದಾರೆ. ಅದು ಕ್ರಿಸ್ಟೋಫರ್ ಲೀ ಅನ್ನುವ ಕಾರಣಕ್ಕೆ ಅಷ್ಟೇ.

ನಿಜವಾಗಿ ಸತ್ತವರಲ್ಲಿ ಜೇಮ್ಸ್ ವಿಲ್ಸನ್ ಅಂತ ಒಬ್ಬ ಹುಡುಗ ಇದ್ದ. ಹದಿನೆಂಟರ ಆಸುಪಾಸಿನ ವಯಸ್ಸು. ಬುದ್ಧಿ ಸ್ವಲ್ಪ ಮಂದ, ಪಾದ ಸೊಟ್ಟ, ಚಳಿಯಲ್ಲೂ ಬರಿಗಾಲು. ಊರಿಗೆಲ್ಲ ಅವನು ‘ಪೆದ್ದ ಜೇಮಿ’. ಅವನ ಹೆಣ ಮೇಜಿನ ಮೇಲೆ ಬಂದಾಗ ಕೆಲವು ವಿದ್ಯಾರ್ಥಿಗಳು ಗುರುತು ಹಿಡಿದರಂತೆ. ನಾಕ್ಸ್ ‘ಇದು ಜೇಮಿ ಅಲ್ಲ’ ಎಂದು ಹೇಳಿ, ತಲೆ ಮತ್ತು ಪಾದವನ್ನೇ ಮೊದಲು ತೆಗೆಸಿದರು ಅನ್ನುವ ಮಾತು ಅಂದಿನಿಂದಲೂ ಇದೆ. ಗುರುತು ಸಿಗುವ ಎರಡು ಜಾಗ ಅವೇ ಅಲ್ವಾ? ನಾಕ್ಸ್ ಸಾಮಾನ್ಯ ಮೇಷ್ಟ್ರಲ್ಲ. 400ಕ್ಕೂ ಹೆಚ್ಚು ವಿದ್ಯಾರ್ಥಿಗಳು ಫೀಸು ಕಟ್ಟಿ ಅವರ ತರಗತಿಗೆ ಬರುತ್ತಿದ್ದರು. ಕಾನೂನಿನ ಪ್ರಕಾರ ಕೊಯ್ಯಲು ಸಿಗುತ್ತಿದ್ದದ್ದು ಹೆಚ್ಚಾಗಿ ಗಲ್ಲಿಗೇರಿದ ಕೊಲೆಗಾರರ ದೇಹ, ಅಷ್ಟರಲ್ಲಿ ಯಾವ ತರಗತಿ ನಡೆಯುತ್ತದೆ? ಆದ್ದರಿಂದ ಹಿಂಬಾಗಿಲಿಗೆ ಬಂದ ಮೂಟೆಯನ್ನು ಎಲ್ಲಿಂದ ತಂದಿರಿ ಅಂತ ಕೇಳುವವರಿರಲಿಲ್ಲ.

ಮೇಡಂ, ಯಾರನ್ನು ನೋಡಿ ನಗಬೇಕು ಎಂದಿರಿ. ನನ್ನ ಉತ್ತರ ಇದೇ ಬಾಗಿಲಲ್ಲಿದೆ. ಚಿತ್ರ ಆ ಬಾಗಿಲಿಗೆ ಬಂದಾಗಲೆಲ್ಲ ನಿಜವಾಗಿ ಚೆನ್ನಾಗಿದೆ. ಟಾಮ್ ವಿಲ್ಕಿನ್ಸನ್ ಮಾಡಿದ ನಾಕ್ಸ್, ಟಿಮ್ ಕರಿ ಮಾಡಿದ ಮನ್ರೋ, ಇಬ್ಬರು ದೊಡ್ಡ ಡಾಕ್ಟರುಗಳು ಹೆಣಕ್ಕಾಗಿ ಪೈಪೋಟಿಗೆ ಬಿದ್ದು, ಬಾಯಲ್ಲಿ ವಿಜ್ಞಾನ, ಮನಸ್ಸಲ್ಲಿ ಹೊಟ್ಟೆಕಿಚ್ಚು. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಅಂತೀವಲ್ಲ, ಇವರು ಅಂಥವರು, ಜೊತೆಗೆ ಆ ಗಳಕ್ಕೆ ರಸೀದಿಯನ್ನೂ ಕೇಳದವರು. ಆದರೆ ಚಿತ್ರ ಅಲ್ಲಿ ನಿಲ್ಲುವುದಿಲ್ಲ, ಮತ್ತೆ ಬರ್ಕ್‌ನ ಪ್ರೇಮಕ್ಕೆ ಓಡುತ್ತದೆ.

ತಮಾಷೆ ಏನೆಂದರೆ ಹೆಣ ಕೊಂಡವರನ್ನು ಗೇಲಿ ಮಾಡುವ ಈ ಕೆಲಸವನ್ನು ಎಡಿನ್‌ಬರೋದ ಬೀದಿ ಹುಡುಗರು ಆಗಲೇ ಮಾಡಿ ಮುಗಿಸಿದ್ದರು. ಅವರ ಆಟದ ಪದ್ಯವೊಂದು ಇವತ್ತಿಗೂ ಉಳಿದಿದೆ, ಅದರ ತಾತ್ಪರ್ಯ ಇಷ್ಟು: ಬರ್ಕ್ ಕಟುಕ, ಹೇರ್ ಕಳ್ಳ, ಮಾಂಸ ಕೊಳ್ಳುವವನು ನಾಕ್ಸ್. ಕೊಂದವರನ್ನು ಹೇಳಿ ಸುಮ್ಮನಾಗಲಿಲ್ಲ ಆ ಹುಡುಗರು, ಗಿರಾಕಿಯನ್ನೂ ಎಳೆದು ತಂದರು. ಕೋರ್ಟಿನ ಕೈಗೆ ಸಿಗದವನನ್ನು ಎಳೆದು ತಂದರು ಅನ್ನಿ. ಯಾಕೆಂದರೆ ಸಿಕ್ಕಿಬಿದ್ದ ಮೇಲೆ ಹೇರ್ ಸರ್ಕಾರಿ ಸಾಕ್ಷಿಯಾಗಿ ತಪ್ಪಿಸಿಕೊಂಡ. ಬರ್ಕ್‌ನ ಜೊತೆಗಾತಿ ಹೆಲೆನ್ ಮೆಕ್‌ಡೂಗಲ್ ಮೇಲಿನ ಆರೋಪ ಸಾಬೀತಾಗಲಿಲ್ಲ. ನಾಕ್ಸ್ ಮೇಲೆ ಕೇಸೇ ಆಗಲಿಲ್ಲ. ಜನ ಅವರ ಪ್ರತಿಕೃತಿ ಸುಟ್ಟರು, ಮನೆಗೆ ಕಲ್ಲು ಹೊಡೆದರು, ಅಷ್ಟೇ. ಬರ್ಕ್ ಒಬ್ಬನೇ 1829ರ ಜನವರಿ 28ರಂದು ನೇಣಿಗೇರಿದ. ಸುಮಾರು 25,000 ಜನ ಸೇರಿದ್ದರಂತೆ, ಚೆನ್ನಾಗಿ ಕಾಣಲಿ ಎಂದು ಅಕ್ಕಪಕ್ಕದ ಮನೆಗಳ ಕಿಟಕಿಗೆ ಬಾಡಿಗೆ ಕೊಟ್ಟು ನಿಂತವರೂ ಇದ್ದರು.

ಆಮೇಲೆ ಅವನನ್ನೂ ಕೊಯ್ದರು. ಕೊಯ್ದದ್ದು ಅದೇ ಮನ್ರೋ. ಬರ್ಕ್‌ನ ರಕ್ತದಲ್ಲೇ ಅದ್ದಿ ಒಂದು ಚೀಟಿ ಬೇರೆ ಬರೆದರು, ಇದು ಬರ್ಕ್‌ನ ರಕ್ತದಲ್ಲಿ ಬರೆದದ್ದು ಅಂತ. ಅವನ ಅಸ್ಥಿಪಂಜರ ಎಡಿನ್‌ಬರೋ ವಿಶ್ವವಿದ್ಯಾಲಯದ ಅಂಗರಚನಾ ಮ್ಯೂಸಿಯಮ್ಮಿನಲ್ಲಿ ಇಂದಿಗೂ ನಿಂತಿದೆ. ಅವನ ಚರ್ಮದ್ದು ಎನ್ನುವ ಒಂದು ಪುಟ್ಟ ಪಾಕೆಟ್ ಪುಸ್ತಕ ಸರ್ಜನ್ಸ್ ಹಾಲ್ ಮ್ಯೂಸಿಯಮ್ಮಿನಲ್ಲಿದೆ. ಹೆಣ ಮಾರಲು ಕೊಲೆ ಮಾಡಿದ್ದಕ್ಕೆ ಒಬ್ಬನನ್ನು ನೇಣಿಗೆ ಹಾಕಿದ ಊರು ಅವನ ಚರ್ಮದಲ್ಲಿ ಸಾಮಾನು ಮಾಡಿಸಿತು. ಇದನ್ನು ನಾನು ಕಥೆಯಲ್ಲಿ ಬರೆದಿದ್ದರೆ ‘ಸ್ವಲ್ಪ ಜಾಸ್ತಿ ಆಯ್ತು ಸಾರ್’ ಎಂದು ನೀವೇ ಪತ್ರ ಹಾಕುತ್ತಿದ್ದಿರಿ.

1832ರಲ್ಲಿ ಬ್ರಿಟನ್ ಹೊಸ ಕಾಯ್ದೆ ತಂದಿತು. ಆಸ್ಪತ್ರೆಯಲ್ಲೋ ಬಡವರ ಛತ್ರದಲ್ಲೋ ಸತ್ತು, ನಮ್ಮವರು ಅಂತ ಯಾರೂ ಬಾರದ ದೇಹವನ್ನು ಅಂಗರಚನಾ ಶಾಲೆಗೆ ಕೊಡಬಹುದು. ಗೋರಿಗಳ್ಳರ ಮಾರುಕಟ್ಟೆ ಬಿದ್ದುಹೋಯಿತು. ಆದರೆ ಮೇಜಿನ ಮೇಲೆ ಬಂದವರು ಯಾರು? ಮೊದಲು ಕೊಲೆಗಾರರು, ಈಗ ಬಡವರು. ಈ ದಾರಿ ನಮ್ಮವರೆಗೂ ಬಂದಿದೆ. ನಮ್ಮ ರಾಜ್ಯದ 1957ರ ಅಂಗರಚನಾ ಕಾಯ್ದೆಯೂ ವಾರಸುದಾರರಿಲ್ಲದ ಹೆಣಗಳನ್ನು ಮೆಡಿಕಲ್ ಕಾಲೇಜಿಗೆ ಕೊಡುವ ವಿಚಾರದ್ದೇ. ವಾರ್ಡಿನಲ್ಲಿ ಯಾರೂ ಬಾರದ ಹೆಣದ ಪಕ್ಕ ನಿಂತ ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಈಗ ಬದುಕಿದ್ದಾಗಲೇ ಸಹಿ ಹಾಕಿ ದೇಹದಾನ ಮಾಡುವವರಿದ್ದಾರೆ, ಅದು ಬೇರೆ, ದೊಡ್ಡ ಮಾತು.

ಹುಡುಗರು ನಕ್ಕರು ಅಂತ ನೀವು ನೊಂದುಕೊಂಡಂತಿದೆ. ನನಗೆ ಅವರ ಮೇಲೆ ಅಷ್ಟು ಅನುಮಾನವಿಲ್ಲ. ನಮ್ಮಜ್ಜಿ ತೀರಿಕೊಂಡ ಮೂರನೇ ದಿನ, ಹಾಲು ತುಪ್ಪ ಬಿಟ್ಟು ಬಂದು ಜಗಲಿಯ ಮೇಲೆ ಕೂತಿದ್ದಾಗ, ಅಜ್ಜಿ ಹಿಂದೊಮ್ಮೆ ಬಸ್ ಕಂಡಕ್ಟರಿಗೆ ಚಿಲ್ಲರೆಗಾಗಿ ಬೈದದ್ದನ್ನು ಸೋದರಮಾವ ಅಭಿನಯಿಸಿ ತೋರಿಸಿದರು. ಅಳುತ್ತಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಜ್ಜಿ ಅಲ್ಲೇ ಇದ್ದಹಾಗಿತ್ತು ಆಗ. ಈ ಚಿತ್ರದಲ್ಲಿ ಸತ್ತವರು ಯಾರೂ ಹಾಗೆ ಎದ್ದು ಬರುವುದಿಲ್ಲ, ನಿಮಗೆ ಚುಚ್ಚಿದ್ದು ಅದೇ ಇರಬೇಕು ಅಂತ ನನ್ನ ಊಹೆ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ: ‘ಗೋರಿಗಳ್ಳರು’ ಎಂದದ್ದು ತಪ್ಪು, ‘ಮನೆಮಂದಿಯೆಲ್ಲ’ ಎಂದದ್ದು ಇನ್ನೂ ತಪ್ಪು. ಚಿತ್ರ ನೋಡಬೇಡಿ ಅಂತ ಮಾತ್ರ ಬರೆಯುವುದಿಲ್ಲ, ಡಾಕ್ಟರುಗಳ ಜಗಳಕ್ಕಾದರೂ ನೋಡಬಹುದು.

ಒಂದು ಸಹಾಯ ಮಾಡಿ. ಹುಡುಗರು ಯಾವ ಯಾವ ಜಾಗದಲ್ಲಿ ನಕ್ಕರು ಅಂತ ನಿಮ್ಮ ಮಗನನ್ನು ಕೇಳಿ ಬರೆಯಿರಿ. ಮೂಟೆ ಉರುಳಿದಾಗಲೋ, ನಾಕ್ಸ್ ಬಾಗಿಲು ತೆರೆದಾಗಲೋ?

ನಿಮ್ಮ,
ಸಂಪಾದಕ